ಬ್ರೌನ್ಸ್‌ಬರ್ಗ್ ಶಾಲೆಯ ಉಪಾಧ್ಯಾಯರು: ಕಾರ್ಲ್ ವೈಯರ್‌ಸ್ಟ್ರಾಸ್

ಗಿರಿನಗರವು ಹೆಸರಿಗೆ ತಕ್ಕಂತೆ ಏರುತಗ್ಗುಗಳ ಬಡಾವಣೆ. ಸೀತಾ ಸರ್ಕಲ್ಲಿನಿಂದ ತರಕಾರಿಯ ಚೀಲ ಹಿಡಿದು ಮನೆಯತ್ತ ನಡೆಯುವ ಗೃಹಿಣಿಗೆ ಯಾವ ಅಡ್ಡರಸ್ತೆ ಏರು, ಯಾವುದು ಇಳಿಜಾರು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆಕೆಯ ಮೊಣಕಾಲುಗಳೇ ಹೇಳುತ್ತವೆ. ರಸ್ತೆ ಎಷ್ಟೇ ವಕ್ರವಾಗಿದ್ದರೂ ನಾವು ನಿಂತ ಜಾಗದಲ್ಲಿ ಅದಕ್ಕೆ ಒಂದು ನಿಶ್ಚಿತವಾದ ಇಳಿಜಾರು ಇದ್ದೇ ಇರುತ್ತದೆಂಬುದು ನಮ್ಮೆಲ್ಲರ ನಂಬಿಕೆ. ಪಿಯುಸಿ ವಿಜ್ಞಾನದ ಮಕ್ಕಳು ಅವಕಲನವೆಂದು ಬಾಯಿಪಾಠ ಮಾಡುವುದು ಈ ಇಳಿಜಾರಿನ ಲೆಕ್ಕವನ್ನೇ. ವಕ್ರರೇಖೆಯ ಒಂದು ಬಿಂದುವಿನಲ್ಲಿ ಅದನ್ನು ಮುಟ್ಟಿ ಹೋಗುವ ಸರಳರೇಖೆಯನ್ನು ಎಳೆಯುವುದು, ಆ ಸ್ಪರ್ಶಕ ಎಷ್ಟು ವಾಲಿದೆಯೆಂದು ಅಳೆಯುವುದು: ಇಷ್ಟೇ ಅದರ ತಿರುಳು.

ಹತ್ತೊಂಬತ್ತನೆಯ ಶತಮಾನದ ಬಹುಪಾಲು ಗಣಿತಜ್ಞರೂ ನಮ್ಮ ಗೃಹಿಣಿಯಂತೆಯೇ ನಂಬಿದ್ದರು. ಒಡೆಯದೆ ಸಾಗುವ ಯಾವುದೇ ರೇಖೆಗೆ, ಅಲ್ಲೊಂದು ಇಲ್ಲೊಂದು ಮೊನೆಯನ್ನು ಬಿಟ್ಟರೆ, ಎಲ್ಲೆಡೆಯೂ ಸ್ಪರ್ಶಕವಿರಲೇಬೇಕೆಂದು ಅವರು ತಿಳಿದಿದ್ದರು. ವಿದ್ಯುತ್ತಿನ ಅಳತೆಗೆ ತಮ್ಮ ಹೆಸರನ್ನೇ ಕೊಟ್ಟ ಫ್ರೆಂಚ್ ವಿಜ್ಞಾನಿ, ಭಕ್ತಿವಂತ ಕಥೋಲಿಕ ಆಂಪೇರ್ ಅವರು 1806ರಲ್ಲಿ ಇದನ್ನು ಸಾಧಿಸಿ ತೋರಿಸಲು ಯತ್ನಿಸಿಯೂ ಇದ್ದರು. 1872ರ ಜುಲೈ 18ರಂದು ಬರ್ಲಿನ್ನಿನ ವಿಜ್ಞಾನ ಅಕಾಡೆಮಿಯಲ್ಲಿ ಐವತ್ತಾರು ವರ್ಷದ ಪ್ರಾಧ್ಯಾಪಕರೊಬ್ಬರು ಒಂದು ಪ್ರಬಂಧವನ್ನು ಮಂಡಿಸಿ ಈ ನಂಬಿಕೆಯನ್ನು ಬುಡಸಮೇತ ಕಿತ್ತುಹಾಕಿದರು. ಎಲ್ಲಿಯೂ ಒಡೆಯದ, ಆದರೆ ಒಂದೇ ಒಂದು ಬಿಂದುವಿನಲ್ಲಿಯೂ ಸ್ಪರ್ಶಕವಿಲ್ಲದ ರೇಖೆಯನ್ನು ಅವರು ಕಟ್ಟಿ ತೋರಿಸಿದ್ದರು. ಅವರೇ ಕಾರ್ಲ್ ವೈಯರ್‌ಸ್ಟ್ರಾಸ್. ತಮ್ಮ ಬದುಕಿನ ಹದಿನಾಲ್ಕು ವರ್ಷಗಳನ್ನು ಅವರು ಕಥೋಲಿಕ ವಿದ್ಯಾಶಾಲೆಗಳಲ್ಲಿ, ಹುಡುಗರಿಗೆ ಅಕ್ಷರ ತಿದ್ದಿಸುತ್ತ, ಕಸರತ್ತು ಮಾಡಿಸುತ್ತ ಕಳೆದಿದ್ದರೆಂಬುದು ನಮ್ಮ ಸಮುದಾಯದಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ. ಮಕ್ಕಳ ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು ನಿಟ್ಟುಸಿರಿಡುವ ತಂದೆತಾಯಂದಿರು ಈ ವಾರ ಅವರ ಕಥೆಯನ್ನು ಓದಬೇಕು.

ವೈಯರ್‌ಸ್ಟ್ರಾಸ್ ಜನಿಸಿದ್ದು 1815ರ ಅಕ್ಟೋಬರ್ 31ರಂದು, ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತ್ಯದ ಓಸ್ಟನ್‌ಫೆಲ್ಡ ಎಂಬ ಹಳ್ಳಿಯಲ್ಲಿ. ತಂದೆ ವಿಲ್‌ಹೆಲ್ಮ್ ಅವರು ಊರಿನ ಮೇಯರರ ಕಾರ್ಯದರ್ಶಿಯಾಗಿದ್ದು ಮುಂದೆ ಸುಂಕದ ಇಲಾಖೆಯನ್ನು ಸೇರಿದವರು. ಪ್ರೊಟೆಸ್ಟೆಂಟ್ ಪಂಥದಿಂದ ಕಥೋಲಿಕ ಧರ್ಮಸಭೆಗೆ ಬಂದವರು. ಮಗುವಿಗೆ ಕಥೋಲಿಕ ಸಂಪ್ರದಾಯದಂತೆ ಜ್ಞಾನಸ್ನಾನವಾಯಿತು. ತಂದೆಗೆ ವರ್ಗವಾದಂತೆಲ್ಲ ಕುಟುಂಬವೂ ಊರೂರು ಅಲೆಯಿತು. ತಾಯಿ ತೆಯೊಡೋರ 1827ರಲ್ಲಿ ತೀರಿಕೊಂಡಾಗ ಕಾರ್ಲನಿಗೆ ಇನ್ನೂ ಹನ್ನೆರಡು ತುಂಬಿರಲಿಲ್ಲ. ಪೀಟರ್, ಕ್ಲಾರಾ, ಎಲಿಸೆ ಎಂಬ ಮೂವರು ಎಳೆಯರು ಅವನ ಬೆನ್ನಿಗಿದ್ದರು. ಈ ನಾಲ್ವರಲ್ಲಿ ಒಬ್ಬರಿಗೂ ಮದುವೆಯಾಗಲಿಲ್ಲ. ತಂಗಿಯರಿಬ್ಬರೂ ಕೊನೆಯವರೆಗೆ ಅಣ್ಣನ ಮನೆಯನ್ನೇ ನಡೆಸಿದರು.

ಹುಡುಗ ಓದಿದ್ದು ಪಾಡರ್‌ಬಾರ್ನ್ ನಗರದ ಕಥೋಲಿಕ ಪ್ರೌಢಶಾಲೆಯಲ್ಲಿ. ಬಹುಮಾನಗಳಿಗೆ ಕೊರತೆಯಿರಲಿಲ್ಲ. ಮನೆಯ ಖರ್ಚಿಗೆ ಒದಗಲೆಂದು ಬಿಡುವಿನಲ್ಲಿ ಅಂಗಡಿಯ ಲೆಕ್ಕಪುಸ್ತಕ ಬರೆಯುತ್ತಿದ್ದನು. ಶಾಲೆಯ ವಾಚನಾಲಯಕ್ಕೆ ಬರುತ್ತಿದ್ದ ಕ್ರೆಲ್ ಅವರ ಗಣಿತ ಪತ್ರಿಕೆಯನ್ನು ಆ ವಯಸ್ಸಿನಲ್ಲಿಯೇ ಓದತೊಡಗಿದನು. ಅಂಗಡಿಯ ಲೆಕ್ಕದ ಪುಸ್ತಕವನ್ನು ನೋಡಿಯೋ ಏನೋ, ಮಗ ಪ್ರಷ್ಯಾ ಸರ್ಕಾರದ ಆಡಳಿತ ಹುದ್ದೆಗೆ ತಕ್ಕವನೆಂದು ತಂದೆ ತೀರ್ಮಾನಿಸಿಬಿಟ್ಟರು.

1834ರಲ್ಲಿ ಹತ್ತೊಂಬತ್ತರ ತರುಣ ಬಾನ್ ವಿಶ್ವವಿದ್ಯಾನಿಲಯಕ್ಕೆ ಹೋದದ್ದು ಕಾನೂನು, ಹಣಕಾಸು, ಆಡಳಿತ ಓದಲು. ತಂದೆಯ ಮಾತನ್ನು ಮೀರುವ ಧೈರ್ಯ ಅವನಿಗಿರಲಿಲ್ಲ. ಅದನ್ನು ನಡೆಸಿಕೊಡುವ ಮನಸ್ಸೂ ಇರಲಿಲ್ಲ. ನಾಲ್ಕು ವರ್ಷ ಕತ್ತಿವರಸೆಯಲ್ಲಿ, ಗೆಳೆಯರೊಡನೆ ಬಿಯರಿನ ಕೂಟಗಳಲ್ಲಿ ಕಳೆದವು. ತರಗತಿಗಳಿಗೆ ಹೋಗದಿದ್ದರೂ ಕೋಣೆಯಲ್ಲಿ ಕುಳಿತು ಲಾಪ್ಲಾಸ್ ಅವರ ಖಗೋಳ ಗಣಿತವನ್ನೂ ಯಾಕೋಬಿ ಅವರ ಗ್ರಂಥವನ್ನೂ ತಾನೇ ಓದಿಕೊಂಡನು. 1838ರಲ್ಲಿ ಯಾವ ಪರೀಕ್ಷೆಗೂ ಕೂರದೆ, ಯಾವ ಪದವಿಯೂ ಇಲ್ಲದೆ ಮನೆಗೆ ಹಿಂದಿರುಗಿದನು. ತಾಯಿಯಿಲ್ಲದ ಮನೆಯ ಹಿರಿಯ ಮಗನು ನಾಲ್ಕು ವರ್ಷಗಳ ಹಣವನ್ನು ನೀರಿಗೆ ಹಾಕಿ ಬರಿಗೈಯಲ್ಲಿ ಬಂದಾಗ ಆ ಮನೆಯಲ್ಲಿ ಹೇಗಿದ್ದಿರಬೇಕೆಂಬುದನ್ನು ಹೇಳಬೇಕಾಗಿಲ್ಲ. ಅಂತಹ ರಾತ್ರಿಯ ಊಟವನ್ನು ನಮ್ಮಲ್ಲಿ ಎಷ್ಟೋ ಮನೆಗಳು ಕಂಡಿವೆ.

ಕುಟುಂಬದ ಹಿತೈಷಿಯೊಬ್ಬರು ಆಗ ಒಂದು ದಾರಿಯನ್ನು ಸೂಚಿಸಿದರು: ಮ್ಯುನ್‌ಸ್ಟರಿನ ಅಕಾಡೆಮಿಗೆ ಸೇರಿ ಉಪಾಧ್ಯಾಯರ ಪರೀಕ್ಷೆಯನ್ನಾದರೂ ಕಟ್ಟಲಿ. ಆಡಳಿತಾಧಿಕಾರಿಯ ಕನಸು ಕಂಡಿದ್ದ ತಂದೆಗೆ ಇದು ಇಳಿತವೇ. ಆದರೆ 1839ರ ಮೇ ತಿಂಗಳಲ್ಲಿ ಮ್ಯುನ್‌ಸ್ಟರಿಗೆ ಹೋದದ್ದೇ ಕಾರ್ಲ್ ಅವರ ಬದುಕಿನ ಭಾಗ್ಯ. ಅಲ್ಲಿ ಕ್ರಿಸ್ಟೋಫ್ ಗುಡರ್‌ಮನ್ ಎಂಬ ಪ್ರಾಧ್ಯಾಪಕರಿದ್ದರು. ದೀರ್ಘವೃತ್ತೀಯ ಉತ್ಪನ್ನಗಳೆಂಬ ಕಠಿಣ ವಿಷಯದ ಮೇಲೆ ಅವರು ಪಾಠ ಆರಂಭಿಸಿದಾಗ ಮೊದಲ ದಿನ ಹದಿಮೂವರು ಕೇಳುಗರಿದ್ದರೆಂದೂ ಎರಡನೆಯ ದಿನದಿಂದ ಉಳಿದವರು ವೈಯರ್‌ಸ್ಟ್ರಾಸ್ ಒಬ್ಬರೇ ಎಂದೂ ಹೇಳುವುದುಂಟು. ಗುರುವೊಬ್ಬರು, ಶಿಷ್ಯನೊಬ್ಬನು, ಪಾಠ ನಿಲ್ಲಲಿಲ್ಲ.

ಪರೀಕ್ಷೆಗೆ ತಮಗೊಂದು ಕಠಿಣ ಪ್ರಶ್ನೆ ಬೇಕೆಂದು ವೈಯರ್‌ಸ್ಟ್ರಾಸ್ ತಾವಾಗಿಯೇ ಕೇಳಿ ಪಡೆದರು. ಅವರ ಉತ್ತರವನ್ನು ಓದಿದ ಗುಡರ್‌ಮನ್ ಅವರು ಈ ಅಭ್ಯರ್ಥಿ ಕೀರ್ತಿವಂತ ಸಂಶೋಧಕರ ಸಾಲಿಗೆ ಸಮನಾಗಿ ಸೇರುತ್ತಾನೆಂಬ ಅರ್ಥದ ವರದಿಯನ್ನು ಬರೆದರು. ಆದರೆ ಆ ಹೊಗಳಿಕೆಯ ಪೂರ್ಣ ಒಕ್ಕಣೆ ಅಭ್ಯರ್ಥಿಯ ಕಿವಿಗೆ ಬೀಳಲಿಲ್ಲ. 1841ರಲ್ಲಿ ಅವರ ಕೈಗೆ ಬಂದದ್ದು ಉಪಾಧ್ಯಾಯನಾಗಲು ಅರ್ಹನೆಂಬ ಪ್ರಮಾಣಪತ್ರ. ಗುರುಗಳು ತಮ್ಮ ಬಗ್ಗೆ ನಿಜವಾಗಿ ಬರೆದದ್ದು ಏನೆಂದು ಅವರಿಗೆ ಗೊತ್ತಾದದ್ದು 1853ರಲ್ಲಿ. ಅಷ್ಟರಲ್ಲಿ ಗುಡರ್‌ಮನ್ ಅವರು ತೀರಿಕೊಂಡು ವರ್ಷ ಕಳೆಯುತ್ತ ಬಂದಿತ್ತು. ಮೊದಲೇ ತಿಳಿದಿದ್ದರೆ ಆಗಲೇ ಆ ಕೃತಿಯನ್ನು ಅಚ್ಚು ಹಾಕಿಸಿ ವಿಶ್ವವಿದ್ಯಾನಿಲಯದ ಹುದ್ದೆಗೆ ಯತ್ನಿಸುತ್ತಿದ್ದೆನೆಂದು ವೈಯರ್‌ಸ್ಟ್ರಾಸ್ ನಂತರ ಹೇಳಿಕೊಂಡಿದ್ದಾರೆ. ಆ ಉತ್ತರಪತ್ರಿಕೆ ಅಚ್ಚಾದದ್ದು 1894ರಲ್ಲಿ, ಅವರ ಸಮಗ್ರ ಕೃತಿಗಳ ಮೊದಲ ಸಂಪುಟದಲ್ಲಿ. ಮಕ್ಕಳನ್ನು ಎದುರಿಗೆ ಹೊಗಳಿದರೆ ತಲೆಗೇರುತ್ತದೆ, ದೃಷ್ಟಿಯಾಗುತ್ತದೆ ಎಂದು ಬಾಯಿ ಬಿಗಿಹಿಡಿಯುವ ಹಿರಿಯರು ನಮ್ಮಲ್ಲಿಯೂ ಇದ್ದಾರೆ. ಅವರ ಆ ಜಾಗರೂಕತೆಗೆ ಒಮ್ಮೊಮ್ಮೆ ಹನ್ನೆರಡು ವರ್ಷಗಳ ಬೆಲೆ ತೆರಬೇಕಾಗುತ್ತದೆ.

ಹೀಗಾಗಿ ಅವರು ಶಾಲಾ ಮಾಸ್ತರರಾದರು. ಮ್ಯುನ್‌ಸ್ಟರಿನಲ್ಲಿ ಒಂದು ವರ್ಷ ಉಮೇದುವಾರಿಕೆ. 1842ರಲ್ಲಿ ಪಶ್ಚಿಮ ಪ್ರಷ್ಯಾದ ಡಾಯ್ಚ್ ಕ್ರೋನೆ ಎಂಬ ಸಣ್ಣ ಊರಿನ ಶಾಲೆ. 1848ರಲ್ಲಿ ಪೂರ್ವ ಪ್ರಷ್ಯಾದ ಬ್ರೌನ್ಸ್‌ಬರ್ಗ್. ಈ ಎರಡು ಊರುಗಳೂ ಇಂದು ಪೋಲೆಂಡಿನಲ್ಲಿವೆ. ಬ್ರೌನ್ಸ್‌ಬರ್ಗಿನ ಶಾಲೆಗೆ ಪ್ರತಿಷ್ಠೆಯ ಇತಿಹಾಸವಿತ್ತು: 1565ರಲ್ಲಿ ಕಾರ್ಡಿನಲ್ ಹೋಸಿಯುಸ್ ಅವರು ಸ್ಥಾಪಿಸಿ ಯೇಸುಸಭೆಯ ಗುರುಗಳಿಗೆ ಒಪ್ಪಿಸಿದ್ದ ವಿದ್ಯಾಪೀಠದ ಪರಂಪರೆ ಅದು. ಸುತ್ತಲೂ ಪ್ರೊಟೆಸ್ಟೆಂಟ್ ಪ್ರದೇಶ, ನಡುವೆ ದ್ವೀಪದಂತೆ ಉಳಿದಿದ್ದ ಕಥೋಲಿಕ ಸೀಮೆ. ಶಾಲೆಯ ಹೆಸರು ದೊಡ್ಡದಾದರೂ ಅಲ್ಲಿನ ಉಪಾಧ್ಯಾಯನ ದಿನಚರಿ ಎಲ್ಲ ಕಾಲದ ಎಲ್ಲ ಉಪಾಧ್ಯಾಯರ ದಿನಚರಿಯೇ ಆಗಿತ್ತು. ಗಣಿತ, ಭೌತಶಾಸ್ತ್ರಗಳ ಜೊತೆಗೆ ಜರ್ಮನ್, ಭೂಗೋಳ, ಇತಿಹಾಸ, ಸಸ್ಯಶಾಸ್ತ್ರ, ಅಂದವಾದ ಬರವಣಿಗೆ, ಅಂಗಸಾಧನೆ ಎಲ್ಲವನ್ನೂ ಅವರೇ ಕಲಿಸಬೇಕಿತ್ತು. ಗಣಿತದ ವಿಷಯ ಮಾತನಾಡಲು ಜೊತೆಗಾರರಿಲ್ಲ. ಬೇಕಾದ ಪುಸ್ತಕಗಳುಳ್ಳ ಗ್ರಂಥಾಲಯವಿಲ್ಲ. ವಿದ್ವಾಂಸರಿಗೆ ಪತ್ರ ಬರೆಯೋಣವೆಂದರೆ ಅಂಚೆಯ ಖರ್ಚಿಗೂ ಸಂಬಳ ಸಾಲದು. ಈ ವರ್ಷಗಳ ಬೇಸರವನ್ನು ಅವರು ಮುಪ್ಪಿನಲ್ಲಿಯೂ ಮರೆಯಲಿಲ್ಲ.

ಆದರೂ ರಾತ್ರಿಗಳು ಅವರವೇ ಆಗಿದ್ದವು. ಒಂದು ಬೆಳಿಗ್ಗೆ ತರಗತಿಯಲ್ಲಿ ಗದ್ದಲವೆದ್ದಾಗ ಮುಖ್ಯೋಪಾಧ್ಯಾಯರು ಹುಡುಕಿಕೊಂಡು ಹೋದರಂತೆ. ವೈಯರ್‌ಸ್ಟ್ರಾಸ್ ತಮ್ಮ ಕೋಣೆಯಲ್ಲಿ ಪರದೆ ಇಳಿಬಿಟ್ಟು, ದೀಪದ ಬೆಳಕಿನಲ್ಲಿ, ಬೆಳಗಾದದ್ದನ್ನೇ ಅರಿಯದೆ ಲೆಕ್ಕದಲ್ಲಿ ಮುಳುಗಿದ್ದರಂತೆ. ಬರೆದದ್ದನ್ನು ಪ್ರಕಟಿಸಲು ಅವರಿಗೆ ದೊರೆತ ಜಾಗವೆಂದರೆ ಶಾಲೆಯ ವಾರ್ಷಿಕ ವರದಿ. 1843ರಲ್ಲಿ ಡಾಯ್ಚ್ ಕ್ರೋನೆ ಶಾಲೆಯ ವರದಿಯಲ್ಲಿಯೂ ಮುಂದೆ ಬ್ರೌನ್ಸ್‌ಬರ್ಗಿನ ವರದಿಯಲ್ಲಿಯೂ ಅವರ ಗಣಿತ ಲೇಖನಗಳು ಅಚ್ಚಾದವು. ಕ್ರೀಡಾಕೂಟದ ಫಲಿತಾಂಶ, ಹಾಜರಿಯ ಪಟ್ಟಿಗಳ ನಡುವೆ ಹೊಸ ಗಣಿತಶಾಸ್ತ್ರವನ್ನು ಹುಡುಕುವವರು ಯಾರು? ಯಾರೂ ಓದಲಿಲ್ಲ. 1850ರ ಸುಮಾರಿಗೆ ತಲೆಸುತ್ತಿನ ಭೀಕರ ಬಾಧೆ ಆರಂಭವಾಗಿ ಹತ್ತು ಹನ್ನೆರಡು ವರ್ಷ ಅವರನ್ನು ಕಾಡಿತು.

1854ರಲ್ಲಿ, ಹುಡುಗನಾಗಿದ್ದಾಗ ಓದುತ್ತಿದ್ದ ಅದೇ ಕ್ರೆಲ್ ಪತ್ರಿಕೆಯಲ್ಲಿ, ಏಬಲ್ ಉತ್ಪನ್ನಗಳನ್ನು ಕುರಿತ ಅವರ ಪ್ರಬಂಧ ಪ್ರಕಟವಾಯಿತು. ಯೂರೋಪಿನ ಗಣಿತಲೋಕ ಬೆರಗಾಯಿತು: ಇದನ್ನು ಬರೆದಾತ ಹಳ್ಳಿಗಾಡಿನ ಶಾಲಾ ಮಾಸ್ತರನೇ? ಅದೇ ವರ್ಷ ಮಾರ್ಚ್ 31ರಂದು ಕ್ಯೋನಿಗ್ಸ್‌ಬರ್ಗ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು; ಅದನ್ನು ತಲುಪಿಸಲು ಪ್ರಾಧ್ಯಾಪಕ ರಿಷೆಲೋ ಅವರೇ ಬ್ರೌನ್ಸ್‌ಬರ್ಗಿಗೆ ಪ್ರಯಾಣ ಮಾಡಿದರು. ಎಂದೂ ಪದವಿ ಪಡೆಯದವರ ಬಳಿಗೆ ಪದವಿಯೇ ನಡೆದುಬಂದ ದಿನ ಅದು. 1856ರಲ್ಲಿ, ನಲವತ್ತರ ವಯಸ್ಸಿನಲ್ಲಿ, ವೈಯರ್‌ಸ್ಟ್ರಾಸ್ ಬರ್ಲಿನ್ನಿಗೆ ಬಂದರು. ಮೊದಲು ಕೈಗಾರಿಕಾ ಸಂಸ್ಥೆಯೊಂದರಲ್ಲಿ, ಜೊತೆಗೆ ವಿಶ್ವವಿದ್ಯಾನಿಲಯದಲ್ಲಿ ಬೋಧನೆ; 1864ರಲ್ಲಿ ಪೂರ್ಣ ಪ್ರಾಧ್ಯಾಪಕ ಪೀಠ.

ನಡುವೆ 1861ರ ಡಿಸೆಂಬರಿನಲ್ಲಿ ಅವರು ಕುಸಿದುಬಿದ್ದರು. ಚೇತರಿಸಿಕೊಳ್ಳಲು ಒಂದು ವರ್ಷ ಹಿಡಿಯಿತು. ಅಂದಿನಿಂದ ಕುಳಿತೇ ಪಾಠ ಹೇಳಿದರು. ವಿದ್ಯಾರ್ಥಿಯೊಬ್ಬ ಕಪ್ಪುಹಲಗೆಯ ಮೇಲೆ ಅವರು ಹೇಳಿದಂತೆ ಬರೆಯುತ್ತಿದ್ದನು. ಮ್ಯುನ್‌ಸ್ಟರಿನಲ್ಲಿ ಒಬ್ಬನೇ ಕುಳಿತು ಪಾಠ ಕೇಳಿದ್ದವರ ಮುಂದೆ ಈಗ ಇನ್ನೂರೈವತ್ತು ಜನ ಕೂರುತ್ತಿದ್ದರು. 1873-74ರಲ್ಲಿ ಅವರು ಬರ್ಲಿನ್ ವಿಶ್ವವಿದ್ಯಾನಿಲಯದ ರೆಕ್ಟರ್ ಆಗಿದ್ದರು. ಬಿಸ್ಮಾರ್ಕನ ಸರ್ಕಾರ ಕಥೋಲಿಕ ಧರ್ಮಸಭೆಯ ಮೇಲೆ ಮೇ ಶಾಸನಗಳನ್ನು ಹೇರಿದ ಕಾಲವೇ ಅದು ಎಂಬುದನ್ನು ಇಲ್ಲಿ ನೆನೆಯಬಹುದು.

ಇನ್ನು ಆ ರೇಖೆಯ ವಿಷಯ. ವೈಯರ್‌ಸ್ಟ್ರಾಸ್ ಅದನ್ನು ಅಲೆಗಳಿಂದ ಕಟ್ಟಿದರು. ಮೊದಲು ಒಂದು ದೊಡ್ಡ ಅಲೆಯನ್ನು ಬರೆಯಿರಿ. ಅದರ ಮೇಲೆ, ಎತ್ತರದಲ್ಲಿ ಏಳನೆಯ ಒಂದು ಪಾಲಿನಷ್ಟಿರುವ, ಆದರೆ 49 ಪಟ್ಟು ಒತ್ತೊತ್ತಾದ ಅಲೆಗಳನ್ನು ಕೂಡಿಸಿರಿ. ಅವುಗಳ ಮೇಲೆ ಮತ್ತೆ ಏಳನೆಯ ಒಂದು ಪಾಲು ಎತ್ತರದ, ಮತ್ತೆ 49 ಪಟ್ಟು ಒತ್ತೊತ್ತಾದ ಅಲೆಗಳು. ಹೀಗೆ ಕೊನೆಯಿಲ್ಲದೆ. ಎತ್ತರಗಳು ಬೇಗಬೇಗನೆ ಕುಗ್ಗುವುದರಿಂದ ಒಟ್ಟು ರೇಖೆ ಎಲ್ಲಿಯೂ ಒಡೆಯುವುದಿಲ್ಲ. ಆದರೆ ಅಗಲ ಎತ್ತರಕ್ಕಿಂತ ಬೇಗ ಕುಗ್ಗುತ್ತದೆ. ಆದ್ದರಿಂದ ಪ್ರತಿ ಹಂತದ ಅಲೆಗಳೂ ಹಿಂದಿನ ಹಂತದವುಗಳಿಗಿಂತ ಏಳು ಪಟ್ಟು ಕಡಿದಾಗಿರುತ್ತವೆ. ಎಷ್ಟು ಹತ್ತಿರ ಹೋಗಿ ನೋಡಿದರೂ ರೇಖೆ ನೇರವಾಗುವುದಿಲ್ಲ, ಇನ್ನಷ್ಟು ಕಡಿದಾಗುತ್ತದೆ. ಹಾಗಿದ್ದ ಮೇಲೆ ಸ್ಪರ್ಶಕವನ್ನು ಎಳೆಯುವುದೆಲ್ಲಿ? ಏಳು, ನಲವತ್ತೊಂಬತ್ತು ಎಂಬ ಅಂಕಿಗಳು ಓದುಗರ ಅನುಕೂಲಕ್ಕಾಗಿ ನಾನು ಆರಿಸಿಕೊಂಡವು. ವೈಯರ್‌ಸ್ಟ್ರಾಸ್ ಅವರು ವಿಧಿಸಿದ ನಿಯಮದಂತೆ, ಒತ್ತಿನ ಸಂಖ್ಯೆ ಬೆಸವಾಗಿರಬೇಕು, ಪ್ರತಿ ಹಂತದಲ್ಲಿಯೂ ಕಡಿದು ಹೆಚ್ಚುವ ಪ್ರಮಾಣ ಸುಮಾರು 5.71ಕ್ಕಿಂತ ಮಿಗಿಲಾಗಿರಬೇಕು; ನಮ್ಮ 49, 7 ಎರಡೂ ಅದಕ್ಕೆ ಹೊಂದುತ್ತವೆ.

ಈ ರೇಖೆ ಎಲ್ಲರಿಗೂ ಹಿಡಿಸಲಿಲ್ಲ. ಫ್ರಾನ್ಸಿನ ಹೆಸರಾಂತ ಗಣಿತಜ್ಞ, ಕಥೋಲಿಕ ಶ್ರದ್ಧೆಯುಳ್ಳ ಎರ್ಮಿತ್ ಅವರು ಇಂತಹ ರೇಖೆಗಳಿಂದ ಅಸಹ್ಯಪಟ್ಟು ಮುಖ ತಿರುಗಿಸಿದರು. ಇನ್ನೊಂದು ಸ್ವಾರಸ್ಯದ ಸಂಗತಿ ಬೆಳಕಿಗೆ ಬಂದದ್ದು ವೈಯರ್‌ಸ್ಟ್ರಾಸ್ ತೀರಿಕೊಂಡು ಇಪ್ಪತ್ತು ವರ್ಷಗಳ ಮೇಲೆ. ಅವರಿಗಿಂತ ನಾಲ್ಕು ದಶಕ ಮೊದಲೇ, 1830ರ ಸುಮಾರಿಗೆ, ಪ್ರಾಗ್ ನಗರದ ಕಥೋಲಿಕ ಗುರು ಬೆರ್ನಾರ್ಡ್ ಬೋಲ್ಟ್ಸಾನೋ ಇಂತಹುದೇ ರೇಖೆಯೊಂದನ್ನು ಕಟ್ಟಿದ್ದರು. 1805ರಲ್ಲಿ ಗುರುಪಟ್ಟ ಪಡೆದು ವಿಶ್ವವಿದ್ಯಾನಿಲಯದಲ್ಲಿ ಧರ್ಮಬೋಧೆಯ ಪೀಠದಲ್ಲಿದ್ದ ಅವರನ್ನು ಅವರ ವಿಚಾರಗಳಿಗಾಗಿ ಆಸ್ಟ್ರಿಯಾದ ಚಕ್ರವರ್ತಿ 1819ರ ಕ್ರಿಸ್ಮಸ್ಸಿನ ಹಿಂದಿನ ದಿನ ಕೆಲಸದಿಂದ ತೆಗೆದುಹಾಕಿದ್ದನು. ಅವರ ಹಸ್ತಪ್ರತಿ ತೊಂಬತ್ತು ವರ್ಷ ಕಟ್ಟಿನಲ್ಲಿಯೇ ಇದ್ದು 1920ರ ದಶಕದ ಆರಂಭದಲ್ಲಿ ಪತ್ತೆಯಾಯಿತು. ಮೊದಲಿಗರೆಂಬ ಮಾನ ಬೋಲ್ಟ್ಸಾನೋ ಅವರಿಗೇ ಸಲ್ಲಬೇಕು. ಆದರೆ ಜಗತ್ತು ಈ ರೇಖೆಯನ್ನು ಕಲಿತದ್ದು ವೈಯರ್‌ಸ್ಟ್ರಾಸ್ ಅವರಿಂದ. ಅವರಾದರೂ ಅದನ್ನು ಅಚ್ಚು ಹಾಕಿಸುವ ಅವಸರ ತೋರಲಿಲ್ಲ. 1875ರಲ್ಲಿ ಅವರ ಹೆಸರಿನಲ್ಲಿಯೇ ಅದನ್ನು ಪ್ರಕಟಿಸಿದವರು ಪಾಲ್ ದ್ಯು ಬ್ವಾ ರೇಮೋಂ.

ಇಷ್ಟು ಒರಟಾದ ರೇಖೆಯ ಒರಟುತನವನ್ನು ಅಳೆಯಬಹುದೇ? ವೈಯರ್‌ಸ್ಟ್ರಾಸ್ ಈ ಪ್ರಶ್ನೆಯನ್ನು ಎತ್ತಲಿಲ್ಲ. ಮುಂದಿನ ತಲೆಮಾರಿನವರು ಎತ್ತಿದರು. 1918ರಲ್ಲಿ ಹೌಸ್‌ಡಾರ್ಫ್ ಎಂಬ ಜರ್ಮನ್ ಗಣಿತಜ್ಞರು ಆಯಾಮವು ಪೂರ್ಣಾಂಕವೇ ಆಗಿರಬೇಕಿಲ್ಲ, ಭಿನ್ನರಾಶಿಯೂ ಆಗಬಹುದು ಎಂದು ತೋರಿಸಿದರು. ಮನೆಯ ಮಕ್ಕಳ ಗ್ರಾಫ್ ಹಾಳೆಯನ್ನು ತೆಗೆದುಕೊಳ್ಳಿ. ಅದರ ಮೇಲೆ ಗೆರೆಯೊಂದನ್ನು ಎಳೆದು, ಅದು ಎಷ್ಟು ಚೌಕಗಳನ್ನು ಹಾಯುತ್ತದೆಂದು ಎಣಿಸಿ. ಚೌಕದ ಬದಿಯನ್ನು 49 ಪಟ್ಟು ಕಿರಿದು ಮಾಡಿದರೆ ಸಾಧಾರಣ ಗೆರೆ ಹಾಯುವ ಚೌಕಗಳ ಸಂಖ್ಯೆ 49 ಪಟ್ಟು ಏರುತ್ತದೆ. ಆದ್ದರಿಂದ ಅದರ ಆಯಾಮ ಒಂದು. ಇಡೀ ಹಾಳೆಗೆ ಬಣ್ಣ ಬಳಿದಿದ್ದರೆ ಅದು 49ರ ವರ್ಗದಷ್ಟು, ಅಂದರೆ 2401 ಪಟ್ಟು ಏರುತ್ತದೆ, ಆಯಾಮ ಎರಡು. ಮೇಲೆ ಹೇಳಿದ ವೈಯರ್‌ಸ್ಟ್ರಾಸ್ ರೇಖೆಯಲ್ಲಿ ಏರಿಕೆ 49ನ್ನು ಏಳರಿಂದ ಗುಣಿಸಿದಷ್ಟು, ಅಂದರೆ 343 ಪಟ್ಟು. ಇದು ಗೆರೆಗೂ ಹಾಳೆಗೂ ನಡುವಿನದು; ಅದರ ಆಯಾಮ ಒಂದೂವರೆ. ಇಂತಹ ಆಕೃತಿಗಳಿಗೆ 1975ರಲ್ಲಿ ಮ್ಯಾಂಡೆಲ್‌ಬ್ರಾಟ್ ಅವರು ಫ್ರ್ಯಾಕ್ಟಲ್ ಎಂಬ ಹೆಸರಿಟ್ಟರು. ಚೌಕ ಎಣಿಸುವ ಈ ಅಳತೆ ಸುಲಭದ್ದು. ಹೌಸ್‌ಡಾರ್ಫ್ ಅವರ ಕಟ್ಟುನಿಟ್ಟಿನ ಅಳತೆಯಲ್ಲಿಯೂ ಉತ್ತರ ಇದೇ ಎಂದು, ಒತ್ತಿನ ಸಂಖ್ಯೆ ಪೂರ್ಣಾಂಕವಾಗಿರುವ ಎಲ್ಲ ವೈಯರ್‌ಸ್ಟ್ರಾಸ್ ರೇಖೆಗಳಿಗೂ ಪೂರ್ಣವಾಗಿ ಸಾಧಿಸಿದ ಚೀನದ ಗಣಿತಜ್ಞ ಶೆನ್ ಅವರ ಪ್ರಬಂಧ ಪ್ರಕಟವಾದದ್ದು 2018ರಲ್ಲಿ, ಎಂದರೆ ಆ ರೇಖೆ ಹುಟ್ಟಿ 146 ವರ್ಷಗಳ ನಂತರ.

ಅಳೆಯುವುದಾಯಿತು, ಒರಟುತನವನ್ನು ತಗ್ಗಿಸಬಹುದೇ? ಅದಕ್ಕೆ ಅನುಕಲನವೆಂಬ ಕ್ರಿಯೆಯುಂಟು. ಅವಕಲನಕ್ಕೆ ಅದು ತದ್ವಿರುದ್ಧ. ಸೈಜುಗಲ್ಲಿನ ಒರಟು ಗೋಡೆಗೆ ಮೇಸ್ತ್ರಿ ಕರಣೆಯಿಂದ ಗಾರೆ ಬಳಿದು ಹಳ್ಳಗಳನ್ನು ತುಂಬುವಂತೆ ಅನುಕಲನವು ರೇಖೆಯ ಏರಿಳಿತಗಳನ್ನು ಕೂಡಿಸಿ ಸಮಗೊಳಿಸುತ್ತದೆ. ಒಂದು ಪೂರ್ತಿ ಪದರ ಬಳಿದರೆ ವೈಯರ್‌ಸ್ಟ್ರಾಸ್ ರೇಖೆಯೂ ನಯವಾಗಿ ಎಲ್ಲೆಡೆ ಸ್ಪರ್ಶಕವನ್ನು ಪಡೆಯುತ್ತದೆ. ಆದರೆ ಅರ್ಧ ಪದರ ಬಳಿದರೆ? ಕಾಲು ಪದರ? ಪ್ರಶ್ನೆ ವಿಚಿತ್ರವಾಗಿ ತೋರಬಹುದು, ಆದರೆ ಹೊಸದಲ್ಲ. 1695ರಷ್ಟು ಹಿಂದೆಯೇ ಲೊಪಿತಾಲ್ ಮತ್ತು ಲೈಬ್‌ನಿಟ್ಸ್ ಅರ್ಧ ಸಲದ ಅವಕಲನವೆಂದರೆ ಏನೆಂದು ಪತ್ರಮುಖೇನ ಚರ್ಚಿಸಿದ್ದರು. 1832ರಲ್ಲಿ ಲಿಯುವಿಲ್ ಅದಕ್ಕೊಂದು ಕ್ರಮ ಕೊಟ್ಟರು. ಅಲೆಗಳಿಂದಾದ ರೇಖೆಗಳಿಗೆ ಒಪ್ಪುವ ಕ್ರಮವನ್ನು 1917ರಲ್ಲಿ ಹರ್ಮನ್ ವೈಲ್ ಕೊಟ್ಟರು. ವೈಲ್ ಅವರ ಕ್ರಮದಲ್ಲಿ ಲೆಕ್ಕ ಸುಲಭ. ಪೂರ್ತಿ ಅನುಕಲನದಲ್ಲಿ ಪ್ರತಿ ಹಂತದ ಅಲೆಯ ಎತ್ತರ ಹಿಂದಿನದಕ್ಕೆ ಹೋಲಿಸಿದರೆ ಇನ್ನೂ 49 ಪಟ್ಟು ಕುಗ್ಗುತ್ತದೆ. ಅರ್ಧ ಅನುಕಲನದಲ್ಲಿ 49ರ ವರ್ಗಮೂಲದಷ್ಟು, ಅಂದರೆ ಏಳು ಪಟ್ಟು. ಕಾಲು ಅನುಕಲನದಲ್ಲಿ ಏಳರ ವರ್ಗಮೂಲದಷ್ಟು, ಅಂದರೆ ಸುಮಾರು 2.65 ಪಟ್ಟು.

ಫಲಿತಾಂಶ ಮನೋಹರವಾಗಿದೆ. ಎಷ್ಟು ಭಾಗ ಅನುಕಲನ ಮಾಡುತ್ತೇವೆಯೋ ಅಷ್ಟೇ ಭಾಗ ಆಯಾಮ ಇಳಿಯುತ್ತದೆ. ಕಾಲು ಭಾಗ ಮಾಡಿದರೆ ಒಂದೂವರೆ ಇದ್ದದ್ದು ಒಂದೂಕಾಲಾಗುತ್ತದೆ. ಗ್ರಾಫ್ ಹಾಳೆಯಲ್ಲಿ 343 ಪಟ್ಟು ಇದ್ದ ಏರಿಕೆ ಸುಮಾರು 130ಕ್ಕೆ ಬರುತ್ತದೆ. ಅರ್ಧ ಮಾಡಿದರೆ ಆಯಾಮ ಒಂದಕ್ಕೇ ಇಳಿಯುತ್ತದೆ. ಆಮೇಲೆ ಎಷ್ಟು ಬಳಿದರೂ ಒಂದಕ್ಕಿಂತ ಕೆಳಗೆ ಹೋಗುವುದಿಲ್ಲ, ಒಡೆಯದ ರೇಖೆಯ ಆಯಾಮ ಅದಕ್ಕಿಂತ ಕಡಿಮೆಯಾಗಲಾರದು. ಇಲ್ಲೊಂದು ತಿರುವು ಇದೆ, ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಪ್ರಿಯವಾದದ್ದು. ಸರಿಯಾಗಿ ಅರ್ಧದಲ್ಲಿ ನಿಲ್ಲಿಸಿದರೆ ಅಳತೆಗೆ ಆ ರೇಖೆ ಸಾಧಾರಣ ಗೆರೆಯಂತೆಯೇ ಕಾಣುತ್ತದೆ, ಆದರೂ ಅದಕ್ಕೆ ಎಲ್ಲಿಯೂ ಸ್ಪರ್ಶಕವಿಲ್ಲ! ಕಡಿದು ಹೆಚ್ಚುತ್ತ ಹೋಗದೆ ಹಂತಹಂತಕ್ಕೂ ಅಷ್ಟೇ ಉಳಿದರೂ ಸ್ಪರ್ಶಕ ದೊರೆಯದೆಂಬುದನ್ನು ಇಂಗ್ಲೆಂಡಿನ ಹಾರ್ಡಿ, ನಮ್ಮ ರಾಮಾನುಜನ್ ಅವರನ್ನು ಕೇಂಬ್ರಿಡ್ಜಿಗೆ ಕರೆಸಿಕೊಂಡವರೇ, 1916ರಲ್ಲಿ ಸಾಧಿಸಿದರು. ಅರ್ಧಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಬಳಿದರೂ ಸಾಕು, ಸ್ಪರ್ಶಕ ಎಲ್ಲೆಡೆ ಬಂದುಬಿಡುತ್ತದೆ. ಕಣ್ಣಿಗೂ ಎಣಿಕೆಗೂ ನಯವೆಂದು ತೋರಿದ್ದು ನಯವಾಗಿರಬೇಕಿಲ್ಲ ಎಂಬುದನ್ನು ಇಷ್ಟು ಖಚಿತವಾಗಿ ಹೇಳುವ ಶಾಸ್ತ್ರ ಬೇರೊಂದು ಇರಲಾರದು.

ವೈಯರ್‌ಸ್ಟ್ರಾಸ್ ಅವರ ಬರ್ಲಿನ್ ವರ್ಷಗಳಿಗೆ ಮರಳೋಣ. 1870ರ ಶರತ್ಕಾಲದಲ್ಲಿ ಇಪ್ಪತ್ತರ ಹರೆಯದ ರಷ್ಯನ್ ಯುವತಿ ಸೋಫಿಯಾ ಕೊವಲೆವ್‌ಸ್ಕಾಯ ಅವರ ಮನೆಯ ಬಾಗಿಲು ತಟ್ಟಿದಳು. ಹೆಂಗಸರು ತರಗತಿಯಲ್ಲಿ ಕೂರಲು ವಿಶ್ವವಿದ್ಯಾನಿಲಯ ಒಪ್ಪಲಿಲ್ಲ. ವೈಯರ್‌ಸ್ಟ್ರಾಸ್ ಅವರ ಶಿಫಾರಸಿಗೂ ಜಗ್ಗಲಿಲ್ಲ. ಅವರು ನಾಲ್ಕು ವರ್ಷ ಆಕೆಗೆ ಮನೆಯಲ್ಲಿಯೇ, ಶುಲ್ಕವಿಲ್ಲದೆ, ತರಗತಿಯಲ್ಲಿ ಹೇಳಿದ್ದೆಲ್ಲವನ್ನೂ ಮತ್ತೆ ಹೇಳಿಕೊಟ್ಟರು. 1874ರಲ್ಲಿ ಗ್ಯೋಟಿಂಗನ್ ವಿಶ್ವವಿದ್ಯಾನಿಲಯ ಆಕೆಗೆ ಅತ್ಯುನ್ನತ ಶ್ರೇಣಿಯ ಡಾಕ್ಟರೇಟ್ ನೀಡಿತು. ಮುಂದೆ ಸ್ಟಾಕ್‌ಹೋಮಿನಲ್ಲಿ ಪ್ರಾಧ್ಯಾಪಕಿಯಾದ ಆಕೆ 1891ರ ಫೆಬ್ರುವರಿಯಲ್ಲಿ, 41ರ ವಯಸ್ಸಿನಲ್ಲಿ, ತೀರಿಕೊಂಡಳು. ಆ ಸುದ್ದಿ ವೃದ್ಧ ಗುರುಗಳನ್ನು ಮುರಿದುಹಾಕಿತು. ಆಕೆ ಬರೆದಿದ್ದ ಪತ್ರಗಳೆಲ್ಲವನ್ನೂ ಅವರು ಸುಟ್ಟರು. ಮ್ಯುನ್‌ಸ್ಟರಿನಲ್ಲಿ ಒಬ್ಬನೇ ಶಿಷ್ಯನಿಗೆ ಪಾಠ ನಿಲ್ಲಿಸದ ಗುಡರ್‌ಮನ್ ಅವರ ಋಣವನ್ನು ಅವರು ತೀರಿಸಿದ್ದು ಹೀಗೆ ಎಂದು ನನಗನ್ನಿಸುತ್ತದೆ. ಒಂದು ವ್ಯತ್ಯಾಸವಿತ್ತು: ಶಿಷ್ಯೆಯ ಪ್ರತಿಭೆಯನ್ನು ಅವರು ಯಾರಿಂದಲೂ ಮುಚ್ಚಿಡಲಿಲ್ಲ.

ಕೊನೆಯ ವರ್ಷಗಳು ಸುಖವಾಗಿರಲಿಲ್ಲ. ಬಹುಕಾಲದ ಸ್ನೇಹಿತರಾಗಿದ್ದ ಕ್ರೋನೆಕರ್ ಅವರೊಡನೆ ಗಣಿತದ ಮೂಲತತ್ತ್ವಗಳನ್ನು ಕುರಿತು ವಿರಸ ಬೆಳೆಯಿತು. ತಮ್ಮ ಜೀವಮಾನದ ಕೆಲಸವೇ ಅಳಿಸಿಹೋದೀತೆಂಬ ಭಯದಿಂದ ಬರ್ಲಿನ್ ಬಿಟ್ಟು ಸ್ವಿಟ್ಜರ್ಲೆಂಡಿಗೆ ಹೋಗುವ ಯೋಚನೆಯನ್ನೂ ಮಾಡಿದರು, ಹೋಗಲಿಲ್ಲ. ಬದಲಿಗೆ ಸಮಗ್ರ ಕೃತಿಗಳ ಪ್ರಕಟಣೆಯ ಮೇಲ್ವಿಚಾರಣೆಗೆ ಕುಳಿತರು. ಕಡೆಯ ಮೂರು ವರ್ಷ ಗಾಲಿಕುರ್ಚಿಯಲ್ಲಿಯೇ. ಅಣ್ಣನ ಆರೈಕೆ ನೋಡಿಕೊಂಡಿದ್ದ ಕ್ಲಾರಾ 1896ರಲ್ಲಿ ತೀರಿಕೊಂಡರು. 1897ರ ಫೆಬ್ರುವರಿ 19ರಂದು ನ್ಯುಮೋನಿಯಾದಿಂದ ವೈಯರ್‌ಸ್ಟ್ರಾಸ್ ಕಣ್ಣು ಮುಚ್ಚಿದರು. ತಮ್ಮ ಅಂತ್ಯಕ್ರಿಯೆಯಲ್ಲಿ ಹೊಗಳಿಕೆಯ ಮಾತುಗಳು ಬೇಡ, ವಾಡಿಕೆಯ ಪ್ರಾರ್ಥನೆಗಳಷ್ಟೇ ಸಾಕೆಂದು ಅವರು ಗುರುಗಳನ್ನು ಕೇಳಿಕೊಂಡಿದ್ದರೆಂದು 1937ರಲ್ಲಿ ಬೆಲ್ ಅವರು ಬರೆದ ಗಣಿತಜ್ಞರ ಚರಿತ್ರೆಯಲ್ಲಿದೆ. ಬರ್ಲಿನ್ನಿನ ಲೀಸನ್ ಬೀದಿಯಲ್ಲಿರುವ ಸಂತ ಹೆಡ್ವಿಗ್ ಧರ್ಮಕೇಂದ್ರದ ಕಥೋಲಿಕ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಲಾಯಿತು. 1961ರಲ್ಲಿ ನಗರವನ್ನು ಸೀಳಿದ ಗೋಡೆ ಆ ಸ್ಮಶಾನದ ಅಂಚಿನಲ್ಲಿಯೇ ಹಾದುಹೋಗಿ 1989ರವರೆಗೆ ಅಲ್ಲಿ ನಿಂತಿತ್ತು. ಮನೆಯಲ್ಲಿ ಉಳಿದಿದ್ದ ತಂಗಿ ಎಲಿಸೆ ಅಣ್ಣನ ಮರುವರ್ಷ ತೀರಿಕೊಂಡರು.